ಕಾಡುಪಾಪಕ್ಕೊಂದು ಮುಖ

ಮಂಟಯ್ಯ ಸತ್ತು ನಾಲ್ಕು ತಿಂಗಳಾದರೂ ಅವನ ದನಿ ಮಲ್ಲೇಶನ ಫೋನಿನಲ್ಲಿ ಬದುಕಿತ್ತು. ಹದಿನೆಂಟು ಸೆಕೆಂಡಿನ ವಾಯ್ಸ್ ಮೆಸೇಜು. ಮಂಟಯ್ಯನ ಮಗಳು ಮಲ್ಲಿ ಬೈಯುತ್ತಿರುತ್ತಾಳೆ, ಹಿಂದಿನಿಂದ ಮುದುಕ ಕೆಮ್ಮಿ ಹೇಳುತ್ತಾನೆ: “ಬುಡವ್ವ. ನಾನು ನಿದ್ದೆ ಮಾಡ್ಲಿಲ್ಲ ಅಂತ ಬೆಂಕಿಗೆ ಗೊತ್ತು.”

ಅದು ಬಂದದ್ದು ಮಲ್ಲೇಶನ ಹೆಸರಿಗಲ್ಲ, ‘ಕಾಡುಪಾಪ’ಕ್ಕೆ. ಫೇಸ್‌ಬುಕ್ಕಿನಲ್ಲಿ ಮಲ್ಲೇಶ ಕದ್ದು ನಡೆಸುತ್ತಿದ್ದ ಪೇಜು ಅದು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಮಾತನ್ನು ರಾವಂದೂರಿನಲ್ಲಿ ಯಾವ ನನ್ಮಗ ಕೇಳುತ್ತಿದ್ದ? ಗುಂಡುಗಣ್ಣಿನ ಪ್ರಾಣಿಯ ಫೋಟೊ ಹಾಕಿಕೊಂಡು ಬರೆದಾಗ ಹನ್ನೊಂದು ಸಾವಿರ ಜನ ಕೇಳಿದರು. ರಸ್ತೆ ನುಂಗಿದವರನ್ನು, ಗೊಬ್ಬರ ಬಚ್ಚಿಟ್ಟವರನ್ನು ಹಿಗ್ಗಾಮುಗ್ಗಾ ಉಗಿದ. ಸುಳ್ಳು ಬರೆದದ್ದು ಒಂದೇ ಸಲ.

ಹೋದ ವರ್ಷ, ಮಲ್ಲೇಶ ಕೂಲಿಗಿದ್ದ ಚಿಕ್ಕಬಸಪ್ಪನ ತಂಬಾಕು ಒಣಗಿಸುವ ಬ್ಯಾರನ್ ಮನೆ ಹೊತ್ತಿ ಉರಿಯಿತು. ಎಲೆ ಕಟ್ಟಿದ ಕಡ್ಡಿಗಳನ್ನು ಒಳಗೆ ಏರಿಸಿದವನು ಮಲ್ಲೇಶ. ಇನ್ನೊಂದು ಸಾಲು ಹಿಡಿಸಲೆಂದು ಒಲೆಯ ಬಿಸಿ ಹಾಯುವ ಕೊಳವೆಯ ಮೇಲಿನ ತಂತಿಬಲೆ ಕಿತ್ತವನೂ ಅವನೇ. ಒಣಗಿದ ಎಲೆ ಒಂದು ಉದುರಿ ಕೊಳವೆಗೆ ಬಿದ್ದರೆ ಸಾಕು. ಬಿತ್ತು. ಯಾರಾದರೂ ಕೇಳುವ ಮೊದಲೇ ಕಾಡುಪಾಪ ಬರೆಯಿತು: ಒಲೆ ಕಾಯುವ ಮಂಟಯ್ಯ ಕುಡಿದು ಮಲಗಿದ್ದ. ಆದಿವಾಸಿ ಹಾಡಿಯವನು, ಕುಡಿದೇ ಇರುತ್ತಾನೆ ಎಂದು ಊರು ಒಪ್ಪಿತು. ಇಪ್ಪತ್ತು ವರ್ಷ ಬೆಂಕಿ ಕಾದವನನ್ನು ಆಮೇಲೆ ಯಾರೂ ಒಲೆಯ ಹತ್ತಿರ ಸೇರಿಸಲಿಲ್ಲ. ಕೆಲಸವಿಲ್ಲದೆ ಬಡಕಲಾಗಿ ಯುಗಾದಿ ಕಳೆದ ಮೇಲೆ ಸತ್ತ.

ಸೌದೆ ಹಾಕುವ ಮುಂಚೆ ಒಲೆಯ ಕಬ್ಬಿಣದ ಬಾಗಿಲನ್ನು ಮೂರು ಸಲ ತಟ್ಟುವುದು ಮಂಟಯ್ಯನ ಅಭ್ಯಾಸ. ಈಗ ಹೊಸ ಬ್ಯಾರನ್ನಿನ ಗೋಡೆಗೆ ಮಣ್ಣು ಮೆತ್ತುವಾಗ, ನಡುಮಧ್ಯಾಹ್ನದ ಬಿಸಿಲಲ್ಲಿ, ಮಲ್ಲೇಶನಿಗೆ ಆ ಸದ್ದು ಕೇಳುತ್ತಿತ್ತು. ತಿರುಗಿದರೆ ಯಾರೂ ಇರುತ್ತಿರಲಿಲ್ಲ.

“ಈ ವರ್ಸದಿಂದ ಬ್ಯಾರನ್ ನಿನ್ನ ಪಾಲ್ಗೆ ಕಣ್ಲಾ,” ಎಂದ ಚಿಕ್ಕಬಸಪ್ಪ. “ಕೂಲಿ ಮಾಡಿದ್ದು ಸಾಕು. ಮದ್ವೆ ಗಿದ್ವೆ ಆಗು. ಮೊದ್ಲು ಓಗಿ ಎಲೆಅಡ್ಕೆ ಈಸ್ಕೊಂಬಾ.”

ಅವರ ಮನೆಯ ಪದ್ಧತಿ ಅದು. ಒಲೆಯ ಕೈ ಬದಲಾದರೆ ಹಳೆಯ ಕೈಯಿಂದ ಎಲೆಅಡಿಕೆ ಪಡೆಯಬೇಕು, ಅವನಿಲ್ಲದಿದ್ದರೆ ಅವನ ಮಕ್ಕಳಿಂದ.

“ಕುಡ್ದು ಮಲ್ಗಿದ್ನಲ್ಲ ಮಾವ ಅವ್ನು?” ಎಂದ ಮಲ್ಲೇಶ. ಆ ಸುಳ್ಳನ್ನು ಸ್ವಂತ ಬಾಯಲ್ಲಿ ಆಡಿದ್ದು ಅದೇ ಮೊದಲು.

“ಅದು ನಂಗೂ ಅವ್ನಿಗೂ ಇದ್ದ ಮಾತು. ಬೆಂಕಿಗೇನು ಸಂಬಂದ? ನಡಿ.”

ಹಾಡಿಯಲ್ಲಿ ಮಲ್ಲಿ ಜಗಲಿ ಸಾರಿಸುತ್ತಿದ್ದಳು. ಕೈ ತೊಳೆದು ಬಂದಳು.

“ಬನ್ನಿ ಮಲ್ಲೇಶಣ್ಣ. ಒಲೆ ನಿಮ್ಗೆ ಬಂತಂತೆ. ಅಪ್ಪನ ಮಣ್ಣಿಗೆ ಊರ ಕಡೆಯಿಂದ ಬಂದೋರು ನೀವೊಬ್ರೆ.” ಒಳಗಿಂದ ಎಲೆಅಡಿಕೆ ತಂದಳು. “ಕೊಡ್ತೀನಿ. ಒಂದ್ ಕೆಲ್ಸ ಮಾಡ್ಕೊಡಿ. ಈ ಕಾಡುಪಾಪ ಯಾರು ಅಂತ ಹುಡುಕ್ಕೊಡಿ.”

“ಯಾಕೆ, ಹೊಡೀತೀಯಾ?”

“ಮುಖ ನೋಡ್ಬೇಕು. ಅಪ್ಪ ಸಾಯೋಗಂಟ ಎದುರಿಗೆ ಬಂದೋರ್ನೆಲ್ಲ ಇವನಾ, ಇವನಾ ಅಂತ ನೋಡ್ತಿದ್ರು. ನಿಮ್ಮೊಬ್ರನ್ನ ಬುಟ್ಟು.”

ಮಲ್ಲೇಶ ನೆಲ ನೋಡಿದ. ಮಲ್ಲಿ ತನ್ನ ಫೋನನ್ನು ಬಾಯಿಗೆ ಹಿಡಿದಳು. “ಲೇ ಕಾಡುಪಾಪ, ಅಪ್ಪನ ಒಲೆ ಇವತ್ತು ಒಳ್ಳೆ ಕೈಗೆ ಓಯ್ತದೆ. ನೀನು ಒಟ್ಟೆ ಉರ್ಕೊ.”

ಮಲ್ಲೇಶನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು.

“ನೋಡ್ಕಳಿ, ಯಾರೋ ಏನೋ,” ಎಂದಳು. ಅನುಮಾನದ ಎಳೆಯೂ ಇಲ್ಲ. ಎಲೆಅಡಿಕೆ ಹಿಡಿದ ಅಂಗೈ ಅವನ ಮುಂದೆ ಚಾಚಿಯೇ ಇತ್ತು. ತೆಗೆದುಕೊಂಡು ನಡೆದಿದ್ದರೆ ಬ್ಯಾರನ್, ಮದುವೆ, ಎಲ್ಲ ಅವನದೇ.

ಅವನು ಫೋನು ತೆಗೆದು ಅದೇ ಅಂಗೈಗೆ ಇಟ್ಟ. ಮಲ್ಲಿ ಈಗ ಬಂದ ಮೆಸೇಜನ್ನು ಒತ್ತಿದಳು. ಅವಳ ಬೈಗುಳ ಅವಳಿಗೇ ಕೇಳಿಸಿತು. ಮತ್ತೊಮ್ಮೆ ಒತ್ತಿದಳು. ಆಮೇಲೆ ಫೋನನ್ನು ಜಗಲಿಯ ಮೇಲಿಟ್ಟು, ಎಲೆಅಡಿಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ನಂಗೊಬ್ಳಿಗೆ ತೋರ್ಸುದ್ರೆ ಆಗೋಯ್ತಾ? ಅನ್ನೊಂದು ಸಾವ್ರ ಜನ ಉಗುದ್ರಲ್ಲ.”

ಮಲ್ಲೇಶ ಫೋನು ಎತ್ತಿಕೊಂಡು ಕ್ಯಾಮೆರಾವನ್ನು ತನ್ನ ಕಡೆಗೆ ತಿರುಗಿಸಿದ. ಪೇಜಿನಲ್ಲಿ ಲೈವ್ ಒತ್ತಿದ. ಬೆವರು ಹನಿಯುವ ಆ ಮುಖ ಯಾರದೋ ಅನ್ನಿಸಿತು.

“ಕಾಡುಪಾಪ ನಾನೇ. ರಾವಂದೂರ ಮಲ್ಲೇಶ. ತಂತಿಬಲೆ ಕಿತ್ತೋನು ನಾನು. ಒಲೆ ಪಕ್ಕ ನಿದ್ದೆ ಮಾಡ್ತಿದ್ದೋನೂ ನಾನೇ. ಮಂಟಯ್ಯ ಎದ್ದಿದ್ರು. ಬೆಂಕಿ ಒಳಗಿಂದ ನನ್ನ ಎಳ್ಕೊಂಡ್ ಬಂದೋರು ಅವ್ರು.”

ಮಲ್ಲಿ ಜಗಲಿಯ ಅಂಚಿಗೆ ಕೂತಳು. ಅಪ್ಪ ಇದನ್ನು ಅವಳಿಗೂ ಹೇಳಿರಲಿಲ್ಲ.

ಕಾಲು ಗಂಟೆಯೊಳಗೆ ಚಿಕ್ಕಬಸಪ್ಪನ ಫೋನು ಬಂತು. “ಲೇ, ಯಾವನೋ ನಿನ್ ಮುಖ ಅಂಟಿಸ್ಕೊಂಡು ಮಾತಾಡ್ತಾವ್ನಂತೆ. ಈಗಿನ್ ಕಾಲ್ದಲ್ಲಿ ಏನ್ ಬೇಕಾದ್ರೂ ಮಾಡ್ತರೆ. ಸುಳ್ಳು ಅಂತ ಆಕ್ಬುಡು, ಮುಗೀತದೆ.”

“ಸುಳ್ಳಲ್ಲ ಮಾವ. ನಾನೇ.”

“ಈ ಕಡೀಕೆ ಬರ್ಬೇಡ,” ಎಂದು ಚಿಕ್ಕಬಸಪ್ಪ ಇಟ್ಟುಬಿಟ್ಟ.

ಮಲ್ಲಿ ತಲೆಯೆತ್ತಲಿಲ್ಲ. “ಓಗು. ದಾರೀಲಿ ಜನ ನೋಡ್ತರೆ. ತಲೆ ಬಗ್ಗಿಸ್ಬೇಡ, ನೋಡ್ಲಿ.”

ಬಸ್‌ಸ್ಟಾಪಿನ ಟೀ ಅಂಗಡಿಯಲ್ಲಿ ಇಬ್ಬರು ಒಂದೇ ಫೋನಿಗೆ ಬಗ್ಗಿದ್ದರು. ಒಬ್ಬ ಕಣ್ಣೆತ್ತಿ ಮಲ್ಲೇಶನನ್ನು ನೋಡಿದ, ಮತ್ತೆ ಫೋನು ನೋಡಿದ, ಮತ್ತೆ ಅವನನ್ನು. ಮಲ್ಲೇಶ ನಿಂತುಕೊಂಡ.