ಗಂಟು ಓದಬಲ್ಲವಳು

ಕೊಡೆಗಳು ಅಲುಗಿದವು, ಗಾಳಿಯೇನಲ್ಲ, ಹೊರಗೆ ಲಾರಿ ಹೋಗಿರಬೇಕು, ಅಮ್ಮನ ರಿಪೇರಿ ಅಂಗಡಿಯ ತೊಲೆಯಿಂದ ತಲೆಕೆಳಗಾಗಿ ನೇತಾಡುವ ನಲವತ್ತಮೂರೂ, ಬಾವಲಿಗಳ ಹಾಗೆ ಮೈಮುರಿದು ಸುಮ್ಮನಾದವು, ಅವಳ ಎಣಿಕೆ ತಪ್ಪಿತು, ಮತ್ತೆ ಒಂದರಿಂದ — ಹಿಡಿ ಬಿರುಕು ಬಿಟ್ಟದ್ದು, ಕಡ್ಡಿ ಮುರಿದದ್ದು, ಬಟ್ಟೆ ಹರಿದದ್ದು — ಪಟ್ಟಿ ಮಾಡಿ, ಬೀಗ ಹಾಕಿ, ಒಂದು ಗುಂಡುಸೂಜಿಯನ್ನೂ ಮಾರಬೇಡಿ, ಯಾರಿಗೂ ಏನೂ ಕೊಡಬೇಡಿ ಅಂದಿದ್ದರು ವಕೀಲರು, ನಿಮ್ಮಣ್ಣ ತಕರಾರು ಹಾಕಿದ್ದಾರಮ್ಮ, ತಾಯಿಯ ಉಯಿಲು ನೆರವೇರಿಸೋ ಹೊಣೆ ನಿಮ್ಮಲ್ಲೇ ಉಳಿಯುತ್ತೋ ಇಲ್ಲವೋ, ಕೋರ್ಟು ಹೇಳೋ ತನಕ ನೀವು ಕಾವಲು ಅಷ್ಟೆ. ಕಾವಲು! ಅಜ್ಜಿಯ ಕಥೆಯಲ್ಲಿ ಕಾವಲು ಕಾಯುತ್ತಿದ್ದದ್ದು ಏಳು ಹೆಡೆಯ ಹಾವು, ಅದರ ನೇಮಕದ ಮೇಲೆ ಯಾವ ಅಣ್ಣನೂ ಅರ್ಜಿ ಹಾಕಲಿಲ್ಲ. ತಂಗಿ ಕನಸುಗಣ್ಣಿ, ಹಾಲು ಒಲೆಯ ಮೇಲಿಟ್ಟು ಕಿಟಕಿ ನೋಡುತ್ತ ನಿಲ್ಲುವವಳು ಎಂದು ಅಣ್ಣ ಬರೆಸಿದ್ದಾನೆ, ನಿಜವೇ, ಉಕ್ಕಿದ ಹಾಲು ಒರೆಸಿದವಳೂ ಅವಳೇ, ಅಮ್ಮ ಹಾಸಿಗೆ ಹಿಡಿದ ಎರಡು ವರ್ಷ ಅಮ್ಮನ ಮೈ ಒರೆಸಿದವಳೂ ಅವಳೇ, ಅದಕ್ಕೆ ಅರ್ಜಿಯಲ್ಲಿ ಜಾಗ ಸಾಲಲಿಲ್ಲವೇನೋ.

ಅಮ್ಮ ಕೊಡೆ ರಿಪೇರಿಗೆ ಚೀಟಿ ಕೊಟ್ಟವಳಲ್ಲ, ಅಕ್ಷರ ನನ್ನ ಕಣ್ಣಿಗೆ ಹತ್ತಲ್ಲ ಕಣೇ, ಬೆರಳಿಗೆ ಹತ್ತುತ್ತೆ, ಅನ್ನುತ್ತ ಹಿಡಿಗೆ ದಾರ ಕಟ್ಟುವಳು, ಕೆಂಪು ದಾರ ಎರಡು ಗಂಟು ಕುಂಟು ಮೇಷ್ಟ್ರು, ನೀಲಿ ಒಂದೇ ಗಂಟು ಆಸ್ಪತ್ರೆಯ ನರ್ಸಮ್ಮ, ಬೆಂಚಿನ ಕೆಳಗೆ ಕೂತು ಇವಳು ಮಗ್ಗಿಗಿಂತ ಮೊದಲು ಗಂಟು ಕಲಿತಳು, ಅಣ್ಣ ಬೀದಿಯಲ್ಲಿ ಚೆಂಡಾಡುತ್ತಿದ್ದ, ಈಗ ಅವನಿಗಿವು ಸತ್ತವಳ ಸರಕು, ಗುಜರಿಗೆ ತೂಗಿ ಹಾಕುವ ಕಬ್ಬಿಣ — ಅಮ್ಮನದಲ್ಲದ್ದು ಅಮ್ಮನ ಆಸ್ತಿ ಹೇಗಾಗುತ್ತೆ, ಊರವರದ್ದು ಊರವರಿಗೆ ತಲುಪಬೇಕು, ಅದಕ್ಕೇ ಅಲ್ಲವೇ ಅಮ್ಮ ಉಯಿಲಿನಲ್ಲಿ ಇವಳ ಹೆಸರು ಬರೆಸಿದ್ದು. ತಪ್ಪಿದಳು, ಹೌದು, ಮೇಷ್ಟ್ರು ಸುಡುಬಿಸಿಲಲ್ಲಿ ತಲೆಯ ಮೇಲೆ ಪೇಪರ್ ಹಿಡಿದು ಬಂದಾಗ ಅವರ ಕೊಡೆ ಕೊಟ್ಟೇಬಿಟ್ಟಳು, ಸಹಿಯಿಲ್ಲ ಸಾಕ್ಷಿಯಿಲ್ಲ, ಬೀದಿಗೆ ಬಾಯಿಲ್ಲವೇ, ಆಸ್ತಿ ಕರಗಿಸುತ್ತಿದ್ದಾಳೆ ಎಂದು ಅಣ್ಣ ಅರ್ಜಿಗೆ ಇನ್ನೊಂದು ಪುಟ ಸೇರಿಸಿದ, ವಕೀಲರು ಹಣೆ ಚಚ್ಚಿಕೊಂಡರು, ನಿಮ್ಮಣ್ಣನಿಗೆ ಬೇರೆ ವಕೀಲ ಯಾಕಮ್ಮ, ನೀವೇ ಇದ್ದೀರಲ್ಲ. ಇರಲಿ, ಮುಚ್ಚಿಡಲಿಲ್ಲ, ಪಟ್ಟಿಯಲ್ಲಿ ಬರೆದಳು, ನಲವತ್ತನಾಲ್ಕನೆಯದು, ಮೇಷ್ಟ್ರದ್ದು, ನಾನೇ ಕೊಟ್ಟೆ.

ಬಾಗಿಲಲ್ಲಿ ನೆರಳು, ಅಣ್ಣ, ಚಪ್ಪಲಿ ಕೂಡ ಬಿಡದೆ ಒಳಗೆ, ನೋಡೇ, ಕೋರ್ಟು ಕಚೇರಿ ನಿನ್ನ ಕೈಲಾಗೋ ಕೆಲಸ ಅಲ್ಲ, ಹೊಣೆ ಬೇಡ ಅಂತ ಒಂದು ಸಹಿ ಹಾಕು, ನಾನು ನೋಡ್ಕೋತೀನಿ, ಕಾಗದ ಬೆಂಚಿನ ಮೇಲೆ ಹರಡಿದ, ಕೊನೆಯಲ್ಲಿ ಪೆನ್ಸಿಲಿನಿಂದ ಒಂದು ಅಡ್ಡಗೀಟು, ಅದರ ಮೇಲೊಂದು, ಇಲ್ಲಿ, ಮಗುವಿಗೆ ತೋರಿಸಿದ ಹಾಗೆ. ಅವಳು ನೀಲಿ ದಾರದ ಹಿಡಿಯೊಂದನ್ನು ಅವನ ಮುಂದೆ ಹಿಡಿದಳು, ಈ ಗಂಟು ಓದೋಕೆ ಬರುತ್ತಾ ಅಣ್ಣ ನಿಂಗೆ? ಎಂಥ ಗಂಟೇ, ಹುಚ್ಚೀ, ಕತ್ತರಿಸಿ ಬಿಸಾಕು. ಕತ್ತರಿಸಿ — ನರ್ಸಮ್ಮನನ್ನು ಕತ್ತರಿಸಿ, ಅಮ್ಮನ ಬೆರಳು ಕತ್ತರಿಸಿ — ಕಣ್ಣು ಆ ಗುರುತಿನಿಂದ ಏಳುತ್ತಿಲ್ಲ, ಎರಡು ಗೀಟು ಒಂದನ್ನೊಂದು ದಾಟುವ ಆ ಜಾಗ, ಕೈ ಮಾತ್ರ ಎದ್ದಿತು, ಅವನ ಬೆರಳ ಸಂದಿಯಿಂದ ಪೆನ್ಸಿಲು ಎಳೆದುಕೊಂಡಿತು, ಪಟ್ಟಿಯ ನಕಲು ಅವನ ಕಾಗದದ ಮೇಲೆ ಬಂದು ಕೂತಿತು, ನೀನೂ ವಾರಸುದಾರ, ನಿನಗೊಂದು ಪ್ರತಿ ಕೊಡೋದು ನನ್ನ ಕೆಲಸ, ತಲುಪಿತು ಅಂತ ಸಹಿ ಹಾಕು ಅಣ್ಣ, ಪಟ್ಟಿಯ ಕೊನೆಯಲ್ಲಿ ಈಗ ಅವಳೇ ಎಳೆದಳು, ಒಂದು ಅಡ್ಡಗೀಟು, ಅದರ ಮೇಲೊಂದು, ಒತ್ತಿ, ಪೆನ್ಸಿಲಿನ ಮೊನೆ ಮುರಿಯುವಷ್ಟು, ಇಲ್ಲಿ — ಎರಡು ಗೀಟು — ಇಲ್ಲಿ