ಮೊದಲು ಹೊರಡುವವಳು

ಗ್ಲೈಡರ್ ಪಂದ್ಯ ಗೆಲ್ಲಲು ಹಾರಲು ಬರಬೇಕಿಲ್ಲ, ಕಾಯಲು ಬಂದರೆ ಸಾಕು. ಎಂಜಿನ್ ಇಲ್ಲದ ವಿಮಾನವದು. ನೆಲ ಕಾದು ಮೇಲೇಳುವ ಬಿಸಿಗಾಳಿ ಸಿಕ್ಕರೆ ಏರುತ್ತದೆ, ಸಿಗದಿದ್ದರೆ ಯಾರದೋ ಹೊಲದಲ್ಲಿ ಇಳಿಯುತ್ತದೆ. ಆ ಗಾಳಿಯನ್ನು ಹುಡುಕುವವಳು ನಮ್ಮಕ್ಕ. ಉಳಿದ ಇಪ್ಪತ್ತು ಮಹಾಶೂರರು ಹತ್ತು ನಿಮಿಷ ತಡವಾಗಿ ಹೊರಟು, ಅವಳು ಸುತ್ತಿದಲ್ಲೇ ಸುತ್ತಿ, ಅವಳ ಜೊತೆಗೇ ಬಂದಿಳಿಯುತ್ತಾರೆ. ಸಮಯದ ಲೆಕ್ಕ ಶುರುವಾಗುವುದು ಅವರವರು ಹೊರಟ ಗಳಿಗೆಯಿಂದ. ಹಾಗಾಗಿ ಗೆಲುವಿನ ಕಪ್ ಅವರಿಗೆ, ಚಪ್ಪಾಳೆ ತಟ್ಟುವ ಕೆಲಸ ನಮಗೆ.

ಪ್ರತಿ ಬೆಳಿಗ್ಗೆ ಯಾವ ದಾರಿಯಲ್ಲಿ ಹಾರಬೇಕೆಂದು ಹೇಳುವ ದೊಡ್ಡ ಮನುಷ್ಯನಿಗೆ ನಾನಿಟ್ಟ ಹೆಸರು ಸ್ಕೇಲು. ನಕ್ಷೆಯ ಮೇಲೆ ಮೂರು ಗೆರೆ ಎಳೆದರೆ ಆಸಾಮಿಯ ಕೆಲಸ ಮುಗಿಯಿತು. ಕಿಟಕಿಯಾಚೆ ಆಕಾಶವಿದೆಯೆಂದು ಅವನಿಗೆ ಯಾರೂ ಹೇಳಿದಂತಿಲ್ಲ.

ಕೊನೆಯ ದಿನ ಅಕ್ಕ ಅವನನ್ನು ಕೇಳಿದಳು. "ಸರ್, ದಾರಿ ಕಟ್ಟಿಹಾಕ್ಬೇಡಿ. ಮೂರು ಗಂಟೆ ಟೈಮ್ ಕೊಡಿ, ಯಾವ ಕಡೆಗಾದ್ರೂ ಹೋಗ್ತೀವಿ. ಹೆಚ್ಚು ದೂರ ಹಾರಿದವರು ಗೆಲ್ಲಲಿ."

"ಎಲ್ಲರೂ ಒಟ್ಟಿಗೆ ಬಂದ್ರೇನೇ ಕಣಮ್ಮ ಫೋಟೋ ಚೆನ್ನಾಗಿ ಬರೋದು," ಎಂದ ಸ್ಕೇಲು.

ಈ ಪಂದ್ಯದಿಂದ ದೇಶದ ತಂಡಕ್ಕೆ ನಾಲ್ಕು ಜನ. ಅಲ್ಲಿಯವರೆಗಿನ ಅಂಕದಲ್ಲಿ ಅಕ್ಕ ಐದನೆಯವಳು. ನಾಲ್ಕನೆಯವನು ಹಲ್ಲಿನ ಡಾಕ್ಟರು. ಒಂಬತ್ತು ವರ್ಷದಿಂದ ಅವಳ ಬೆನ್ನು ಬಿಟ್ಟು ಅಲ್ಲಾಡಿದವನಲ್ಲ. ಅಕ್ಕನಿಗೆ ಐವತ್ತೆರಡು. ಮುಂದಿನ ಆಯ್ಕೆಯ ಹೊತ್ತಿಗೆ ಕಣ್ಣು ಹೇಗಿರುತ್ತದೋ ಏನೋ.

ರೆಕ್ಕೆಯ ಸಂದಿಗೆ ಟೇಪು ಅಂಟಿಸುತ್ತಾ ನಾನೇ ಹೇಳಿದೆ. "ಅಕ್ಕ, ಹೊರಡೋ ಗೆರೆ ದಾಟಿ, ಹೊರಟ ಹಾಗೆ ಮಾಡು. ಇವರೆಲ್ಲ ಹಿಂದೆ ಬರ್ತಾರೆ. ನೀನು ಮೆತ್ತಗೆ ವಾಪಸ್ ಬಂದು ಹೊಸದಾಗಿ ಹೊರಡು, ಲೆಕ್ಕ ಆಗಿಂದ ಶುರು. ರೂಲ್ಸಲ್ಲೇ ಇದೆ."

"ಥೂ, ಅದೊಂದು ಹಾರಾಟನೇನೋ?"

"ಅದನ್ನ ಮಾಡೋರೇ ತಂಡಕ್ಕೆ ಹೋಗ್ತಿರೋದು."

ಅವಳು ಒಳಗೆ ಕೂತು ಬೆಲ್ಟ್ ಬಿಗಿದುಕೊಂಡಳು.

ಮಧ್ಯಾಹ್ನ ಅಕ್ಕ ಗೆರೆ ದಾಟಿದಳು. ಕೊನೆಯ ದಿನ ಅವಳು ಕಣ್ತಪ್ಪಬಾರದೆಂದು ಇಡೀ ಪಟಾಲಂ ಹತ್ತು ನಿಮಿಷವೂ ಕಾಯದೆ ಹಿಂದೆಯೇ ಹೊರಟಿತು. ಪ್ರತಿಯೊಬ್ಬನೂ ಮುಂದಿನವನ ಬಾಲವನ್ನೇ ನೋಡುತ್ತಿದ್ದುದರಿಂದ, ಎಲ್ಲರಿಗಿಂತ ಮುಂದಿದ್ದವಳು ಪಕ್ಕಕ್ಕೆ ಸರಿದು ತಿರುಗಿದ್ದು ತಿಳಿಯುವಷ್ಟರಲ್ಲಿ ಇಪ್ಪತ್ತು ಕಿಲೋಮೀಟರ್ ಕಳೆದಿತ್ತು. ಇನ್ನು ಹಿಂದಿರುಗುವಷ್ಟು ಎತ್ತರ ಯಾರಿಗೂ ಉಳಿದಿರಲಿಲ್ಲ. ಜೀವನದಲ್ಲಿ ಮೊದಲ ಸಲ ಮುಂದೆ ಸಿಕ್ಕಿಬಿದ್ದ ಹಲ್ಲಿನ ಡಾಕ್ಟರು ರೇಡಿಯೋದಲ್ಲಿ, "ಯಾರಿಗಾದ್ರೂ ಗಾಳಿ ಸಿಕ್ತೇನ್ರೀ?" ಎಂದು ಕೇಳುತ್ತಿದ್ದ. ಕೆಳಗೆ ನಾನು ಗ್ಲೈಡರ್ ಸಾಗಿಸುವ ಟ್ರೈಲರಿಗೆ ಒರಗಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

ಅಕ್ಕ ಹದಿನೈದು ನಿಮಿಷ ತಡವಾಗಿ ಹೊರಟು, ಅವರ ಜೊತೆಗೇ ಬಂದಿಳಿದಳು. ದಿನದ ಮೊದಲ ಸ್ಥಾನ, ತಂಡದಲ್ಲಿ ಜಾಗ, ಎರಡೂ ಸಿಕ್ಕವು. ಸ್ಕೇಲು ಬಂದು ಕೈ ಕುಲುಕಿದ. "ಈಗ ನಿಮಗೆ ರೇಸಿಂಗ್ ಬಂತು ನೋಡಿ."

ರೆಕ್ಕೆ ಬಿಚ್ಚುವಾಗ ಅವಳು ನಾನು ಅಂಟಿಸಿದ್ದ ಟೇಪನ್ನು ಪರಪರ ಕಿತ್ತೆಸೆದಳು. "ಗೆದ್ಯಲ್ಲಕ್ಕ, ಮತ್ತೇನು?" ಎಂದೆ.

"ಇವತ್ತು ಮೋಡನೇ ನೋಡಲಿಲ್ಲ ಕಣೋ," ಎಂದಳು. "ಮೂರು ಗಂಟೆ ಆ ಹಲ್ಲಿನ ಡಾಕ್ಟರ ಬಾಲ ನೋಡ್ಕೊಂಡು ಬಂದೆ."

ಸ್ಕೇಲನ್ನು ಬೈಯಲು ಬಾಯಿ ತೆರೆದೆ. ಆದರೆ ಅದನ್ನು ಹೇಳಿಕೊಟ್ಟವನು ನಾನು.