ಗೀಟು ಹೊಡೆದ ವೃತ್ತ

ಮೂಳೆ ಮೇಡಂ ಒಂದು ಕಡೆ ಕೂತದ್ದನ್ನು ಕಂಡವರಿಲ್ಲ. ಪಾಠಕ್ಕೆ ನಿಂತರೆ ಕರಿಹಲಗೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ, ಮತ್ತೆ ಹಲಗೆಗೆ. ಒಂದು ಪೀರಿಯಡ್ಡಿಗೆ ಎಷ್ಟು ಸುತ್ತು ಅಂತ ಹಿಂದಿನ ಬೆಂಚಿನವರು ಎಣಿಸುತ್ತಿದ್ದರು. ಆ ಹೆಸರೂ ಅವರೇ ಇಟ್ಟದ್ದು. ತಪ್ಪೇನಿಲ್ಲ ಬಿಡಿ, ಆ ಕಾಲೇಜಿನ ಮಾನವಶಾಸ್ತ್ರ ವಿಭಾಗ ಅಂದರೆ ಒಂದು ಉದ್ದ ಕೋಣೆ, ನಾಲ್ಕು ಬೀರು ತುಂಬ ಪ್ಲಾಸ್ಟರಿನ ತಲೆಬುರುಡೆ, ತಂತಿಗೆ ಪೋಣಿಸಿದ ಒಂದು ಅಸ್ಥಿಪಂಜರ, ಆಮೇಲೆ ಈ ಮೇಡಂ. ಧೂಳು ಒರೆಸುವ ಅಟೆಂಡರ್ ಅಂತೂ ಒಂದೊಂದು ಬುರುಡೆಗೂ ಸಂಬಂಧ ಹಚ್ಚಿದ್ದ. ಹುಬ್ಬು ಮುಂದೆ ಚಾಚಿದ್ದು ಮಾವ, ಗದ್ದವೇ ಇಲ್ಲದ್ದು ಚಿಕ್ಕಪ್ಪ.

"ಇವರೆಲ್ಲ ಒಬ್ಬರಿಂದ ಒಬ್ಬರು ಹುಟ್ಟಿದವರಲ್ಲ ಮಾರಾಯ. ಎಷ್ಟೋ ಜನ ಬರೀ ದಾಯಾದಿಗಳು," ಅಂತ ಮೇಡಂ ತಿದ್ದುತ್ತಿದ್ದರು.

"ಓ, ದಾಯಾದಿಗಳಾ? ಅದಕ್ಕೇ ಒಬ್ಬರ ಮುಖ ಒಬ್ಬರು ನೋಡ್ತಿಲ್ಲ!"

ಆ ಗುರುವಾರ ಮಧ್ಯಾಹ್ನ ಮೇಡಂ ಮೊದಲ ವರ್ಷದವರ ವಂಶವೃಕ್ಷ ತಿದ್ದುತ್ತಿದ್ದರು. ವರ್ಷವೂ ಕೊಡುವ ಮೊದಲ ಮನೆಗೆಲಸ ಅದು. ತ್ರಿಕೋನ ಗಂಡಸು, ವೃತ್ತ ಹೆಂಗಸು, ನಡುವೆ ಸಮಚಿಹ್ನೆ ಇದ್ದರೆ ಮದುವೆ, ಮೇಲೆ ಓರೆಗೀಟು ಎಳೆದರೆ ಆ ಮನುಷ್ಯ ತೀರಿಕೊಂಡಿದ್ದಾನೆ ಅಂತ. ಯಾರ ಹೆಸರನ್ನೂ ಬರೆಯುವಂತಿಲ್ಲ, ಕಸುಬು ಮಾತ್ರ. ಜೊತೆಗೆ ಮನೆತನದಲ್ಲಿ ಹರಿದು ಬಂದ ಮೈಯ ಗುರುತು ಒಂದನ್ನು ಆರಿಸಿಕೊಂಡು, ಅದು ಇರುವವರಿಗೆಲ್ಲ ಕಪ್ಪು ತುಂಬಬೇಕು. "ಮೂಳೆ, ಬಣ್ಣ, ಬೆರಳು, ಇವು ಹುಟ್ಟುತ್ತಾ ಬರ್ತವೆ. ಮಾತು, ಕಸುಬು, ನಂಬಿಕೆ ಕಲೀತಾ ಬರ್ತವೆ. ಈ ಕಲಿತು ಬಂದದ್ದಕ್ಕೇ ಸಂಸ್ಕೃತಿ ಅನ್ನೋದು," ಅಂತ ಹೇಳಿಕೊಟ್ಟಿದ್ದರು. ಇನ್ನೊಂದು ಮಾತನ್ನು ಹಲಗೆಯ ಮೇಲೆ ಬರೆದು ಎರಡು ಸಲ ಅಡಿಗೆರೆ ಎಳೆದಿದ್ದರು: ಕೇಳಿ ಬರೆಯಿರಿ, ಊಹಿಸಿ ಬರೆಯಬೇಡಿ.

ಹದಿನೇಳನೆಯ ಹಾಳೆ ತೆಗೆದರು. ಗುರುತು: ಅಂಟಿಕೊಂಡ ಎರಡನೇ, ಮೂರನೇ ಕಾಲ್ಬೆರಳು. ಮೇಲೆ ಅಜ್ಜ, ಗಡಿಯಾರ ರಿಪೇರಿ, ಗೀಟು. ಅಜ್ಜಿ, ಹೊಲಿಗೆ, ಕಪ್ಪು ವೃತ್ತ, ಅವಳಿಗೂ ಗೀಟು. ಕೆಳಗೆ ಅಪ್ಪ, ಗಡಿಯಾರ ರಿಪೇರಿ, ಬಿಳಿ ತ್ರಿಕೋನ. ಅವನ ಕೆಳಗೆ ಹಾಳೆ ಬರೆದ ಮಗಳು, ಕಪ್ಪು ವೃತ್ತ. ಅಪ್ಪನ ಎಡಕ್ಕೆ ಅವನ ಅಕ್ಕ, ಕಪ್ಪು ವೃತ್ತ, ಕಸುಬು ಗೊತ್ತಿಲ್ಲ. ಅದರ ಮೇಲೆ ಸ್ಕೇಲ್ ಇಟ್ಟು ಎಳೆದ ಗೀಟು.

ಮೇಡಂ ಪೆನ್ನು ಕೆಳಗಿಟ್ಟರು. ಅವರ ಅಪ್ಪ ಗಡಿಯಾರ ರಿಪೇರಿಯವರು. ಅಮ್ಮ ಹೊಲಿಯುತ್ತಿದ್ದಳು, ಅವಳ ಬೆರಳು ಅಂಟಿದ್ದವು. ಮೇಡಂ ಬೆರಳೂ ಅಷ್ಟೇ. ನಾಚಿಕೆಗೆ ಚಿಕ್ಕಂದಿನಿಂದ ಬೂಟು ಬಿಟ್ಟು ಬೇರೆ ಮೆಟ್ಟಿದವರಲ್ಲ, ಬಿರುಬಿಸಿಲಲ್ಲೂ ಬೂಟೇ. ಅಪ್ಪ ತೀರಿದ ಮೇಲೆ ಅಂಗಡಿ ನೋಡಿಕೊಳ್ಳುತ್ತಿದ್ದವನು ತಮ್ಮ.

ಗೀಟು ಹೊಡೆಸಿಕೊಂಡವರು ತಾವೇ.

"ಟೀ ಆರಿ ಹೋಗ್ತಿದೆ ಮೇಡಂ," ಅಂದ ಅಟೆಂಡರ್.

"ಕುಡೀತೀನಿ ಬಿಡೋ," ಅಂದರು, ಕುಡಿಯಲಿಲ್ಲ. ಬೀರುವಿನಿಂದ ಬೀರುವಿಗೆ ನಡೆದರು. ಇಪ್ಪತ್ತು ವರ್ಷದ ಹಿಂದಿನದು ನಿನ್ನೆಯಷ್ಟು ಹಸಿಯಾಗಿತ್ತು. ಎಲ್ಲೋ ದೂರದ ಅಗೆತದಲ್ಲಿ ಹಲ್ಲು, ದವಡೆ ಆಯುತ್ತಾ ಕೂತಿದ್ದಾಗ ಅಮ್ಮ ತೀರಿಕೊಂಡ ಸುದ್ದಿ ಅವರಿಗೆ ಮುಟ್ಟಿದ್ದು ಮೂರು ದಿನ ತಡವಾಗಿ. ಬಂದು ಬಾಗಿಲಲ್ಲಿ ನಿಂತರೆ ತಮ್ಮ, "ಎಂದೋ ಸತ್ತವರ ಮೂಳೆ ಎಣಿಸೋಕೆ ಪುರುಸೊತ್ತಿದೆ, ಹೆತ್ತವಳಿಗಿಲ್ಲ," ಅಂದಿದ್ದ. ಇವರಾದರೂ ಸುಮ್ಮನಿರಬಾರದಿತ್ತೇ? "ಹಾಗಾದ್ರೆ ನಿನ್ನ ಪಾಲಿಗೆ ನಾನೂ ಸತ್ತೆ ಅಂತ ತಿಳ್ಕೋ!" ಅಂತ ಹೇಳಿ, ಬೂಟು ಕೂಡ ಬಿಚ್ಚದೆ, ಬಂದ ಕಾಲಲ್ಲೇ ವಾಪಸ್ಸು ನಡೆದಿದ್ದರು. ತಮ್ಮನಿಗೆ ಆಗ ಮದುವೆಯೂ ಆಗಿರಲಿಲ್ಲ.

ಆ ಮಾತನ್ನು ಅವನು ಹಾಗೇ ನಡೆಸಿಬಿಟ್ಟನಲ್ಲ! ಮಗಳಿಗೂ ಹಾಗೇ ಹೇಳಿ ಬೆಳೆಸಿದನಲ್ಲ! ಕಣ್ಣು ಉರಿಯಿತು. ನಾಲ್ಕು ಬೈಗುಳ ಬಾಯಿಗೆ ಬಂದವು. ಬೈಯುತ್ತಾ ತಿರುಗಿದವರಿಗೆ ಮನೆಗೆಲಸ ಕೊಟ್ಟ ದಿನ ತಾವೇ ಹಲಗೆಯ ಮೂಲೆಯಲ್ಲಿ ಬರೆದ ಮಾದರಿ ಕಂಡಿತು. ಹನ್ನೊಂದು ವರ್ಷದಿಂದ ತಮ್ಮದೇ ಮನೆಯನ್ನು ಮಾದರಿಯಾಗಿ ಬರೆಯುತ್ತಿದ್ದರು: ಒಂದು ತ್ರಿಕೋನ, ಒಂದು ವೃತ್ತ, ಕೆಳಗೆ ಒಂಟಿ ವೃತ್ತ. ತಮ್ಮನಿಗೆ ತ್ರಿಕೋನವೇ ಇರಲಿಲ್ಲ. ಆ ಮನೆಯ ಹಾಳೆಯಲ್ಲಿ ಗೀಟು ಹೊಡೆದಾದರೂ ಅಕ್ಕನಿಗೆ ಒಂದು ಜಾಗ ಇದೆ, ಅಕ್ಕನ ಹಲಗೆಯಲ್ಲಿ ಅವನು ಹುಟ್ಟೇ ಇಲ್ಲ. ಮೇಡಂಗೆ ನಿಜಕ್ಕೂ ನಾಚಿಕೆಯಾಯಿತು.

ಶುಕ್ರವಾರ ಕ್ಲಾಸು ಮುಗಿದ ಮೇಲೆ ಹುಡುಗಿಯನ್ನು ನಿಲ್ಲಿಸಿಕೊಂಡರು. ಮೂರನೇ ಬೆಂಚಿನ ವಾಚಾಳಿ. ಬೂಟಿನವಳಲ್ಲ ಇವಳು, ಚಪ್ಪಲಿಯವಳು. ಅಂಟಿದ ಬೆರಳು ರಾಜಾರೋಷವಾಗಿ ಹೊರಗೇ ಇದ್ದವು. ಇಷ್ಟು ದಿನ ಕಣ್ಣು ಎಲ್ಲಿ ಮೇಯಿಸುತ್ತಿದ್ದೆ ಅಂತ ಮೇಡಂ ತಮ್ಮನ್ನೇ ಬೈದುಕೊಂಡರು.

"ಈ ಗೀಟು... ಯಾರು ಹೇಳಿದ್ದು ನಿಂಗೆ, ನಿಮ್ಮತ್ತೆ ತೀರಿಕೊಂಡಿದ್ದಾರೆ ಅಂತ?"

"ಯಾರೂ ಹೇಳಿಲ್ಲ ಮೇಡಂ. ನಾನು ಚಿಕ್ಕವಳಿದ್ದಾಗ ಅಪ್ಪ ನನ್ನ ಕಾಲು ಒರೆಸ್ತಾ 'ಥೇಟು ನಿಮ್ಮತ್ತೆ ಕಾಲೇ' ಅಂದಿದ್ರು. ಅತ್ತೆ ಎಲ್ಲಿದಾರೆ ಅಂತ ಕೇಳಿದ್ರೆ ಎದ್ದು ಹೋದ್ರು. ಅಜ್ಜಿ ಬಗ್ಗೆ ಕೇಳಿದ್ರೂ ಹೀಗೇ ಎದ್ದು ಹೋಗ್ತಾರೆ. ಅಜ್ಜಿ ಸತ್ತಿದಾರಲ್ಲ, ಸೋ ಅತ್ತೇನೂ..."

"ಊಹಿಸಿ ಬರೆದೆ."

"ಹೂಂ," ಅಂದಳು ಹುಡುಗಿ, ನಾಲಿಗೆ ಕಚ್ಚಿಕೊಂಡು.

ನಾನೇ ಕಣೇ ಅದು ಅಂತ ಹೇಳಿಬಿಡಬಹುದಿತ್ತು. ಆದರೆ ಗೀಟು ಬೇಕೋ ಬೇಡವೋ ಹೇಳಬೇಕಾದವನು ತಮ್ಮ. ಅವನ ಬಾಯಿಂದಲೂ 'ಸತ್ತಳು' ಅಂತಲೇ ಬಂದರೆ? ಹಾಳೆಯ ಮೂಲೆಯಲ್ಲಿ ದೊಡ್ಡದೊಂದು ಸೊನ್ನೆ ಸುತ್ತಿ ಕೊಟ್ಟರು. "ಹೋಗಿ ಕೇಳ್ಕೊಂಡು ಬಾ. ಸೋಮವಾರ ತಂದುಕೊಡು. ಅತ್ತೆ ಕಸುಬೂ ಕೇಳು."

"ಅಯ್ಯೋ ಸೊನ್ನೇನಾ ಮೇಡಂ?"

"ಸೊನ್ನೇನೇ!"

ಶನಿವಾರ, ಭಾನುವಾರ ಮೇಡಂ ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆ ಸುತ್ತಿದರು. ಸಾರಿಗೆ ಎರಡು ಸಲ ಉಪ್ಪು ಹಾಕಿದರು. ಫೋನು ರಿಂಗಾದರೆ ಓಡಿ ಎತ್ತುವುದು, ಯಾರೋ ಸಾಲ ಬೇಕಾ ಅಂತ ಕೇಳುವುದು, ಅವನ ಜನ್ಮ ಜಾಲಾಡುವುದು. ಇಪ್ಪತ್ತು ವರ್ಷ ಇಲ್ಲದ ಆತುರ ಎರಡು ದಿನಕ್ಕೆ ಎಲ್ಲಿತ್ತೋ! ಮೂಳೆ ಹುಟ್ಟುತ್ತಾ ಬರುತ್ತೆ, ಸರಿ. ಈ ಹಟ? ಇದನ್ನು ಯಾರ ಹತ್ತಿರ ಕಲಿತೆ? ಯೋಚಿಸಿದಷ್ಟೂ ತಾವೇ ತಮ್ಮನಿಗೆ ಕಲಿಸಿದ್ದೇನೋ ಅನಿಸಿತು.

ಸೋಮವಾರ ಬೆಳಗ್ಗೆ ಕೋಣೆಯ ಬೀಗ ತೆಗೆದ ಕೂಡಲೇ ಹುಡುಗಿ ಹಾಜರ್. ಹಾಳೆ ಚಾಚಿದಳು. ಗೀಟನ್ನು ಯಾರೋ ರಬ್ಬರ್ ಒತ್ತಿ ಒತ್ತಿ ಅಳಿಸಿದ್ದರು, ಅಲ್ಲಿ ಕಾಗದ ತೆಳ್ಳಗಾಗಿ ಹರಿದಿತ್ತು.

"ನಾನಲ್ಲ ಮೇಡಂ, ಅಪ್ಪ. ಹಾಳೆ ಕಿತ್ಕೊಂಡು ಅವರೇ ಅಳಿಸಿದ್ರು. 'ಅಕ್ಕನ್ನ ನಾನ್ಯಾವತ್ತು ಸತ್ತಳು ಅಂದೆ? ಹಾಗಂದೋಳು ಅವಳು, ನಾನಲ್ಲ' ಅಂತ ನನ್ನ ಮೇಲೇ ರೇಗಿದ್ರು. ಊಟಾನೂ ಮಾಡ್ಲಿಲ್ಲ."

ಮೇಡಂ ಬೀರುವಿನ ಹಿಡಿ ಹಿಡಿದುಕೊಂಡರು. "ಕಸುಬು?"

"ಕೆಳಗಿದೆ ನೋಡಿ, ಅವರದೇ ಅಕ್ಷರ." ಹಾಳೆಯಲ್ಲಿ ಗಡಿಯಾರದ ಮುಳ್ಳಿನಷ್ಟು ಸಣ್ಣಗೆ ಬರೆದಿತ್ತು: ಮೂಳೆ ಎಣಿಸುವುದು. ಹುಡುಗಿ ನಕ್ಕಳು. "ನಿಮ್ಮ ಕೆಲಸಾನೇ ಅಲ್ವಾ ಮೇಡಂ? ಅಪ್ಪಂಗೂ ಅದನ್ನೇ ಹೇಳ್ದೆ, ನಮ್ಮ ಮೇಡಂನೂ ಮೂಳೆ ಮೇಡಂ ಅಂತಲೇ... ಅಯ್ಯೋ ಸಾರಿ ಮೇಡಂ, ಎಲ್ರೂ ಅಂತಾರೆ ಅಂತ... ಅದಕ್ಕೆ ಅವರು ಎಂಥಾ ಪ್ರಶ್ನೆ ಕೇಳಿದ್ರು ಗೊತ್ತಾ? 'ನಿಮ್ಮ ಮೇಡಂ ಚಪ್ಪಲಿ ಹಾಕ್ತಾರಾ, ಬೂಟಾ?' ಅಂತ! ನಾನೇನು ನಿಮ್ಮ ಕಾಲು ನೋಡ್ತಾ ಕೂರ್ತೀನಾ?"

ಮೇಡಂ ಕೂತರು. ಎಷ್ಟೋ ಸೆಮಿಸ್ಟರಿನಿಂದ ಬರೀ ಪುಸ್ತಕ ಹೊತ್ತಿದ್ದ ಕುರ್ಚಿ ಅದು, ಆ ಪುಸ್ತಕಗಳನ್ನು ನೆಲಕ್ಕೆ ತಳ್ಳಿ ಕೂತರು. ಧೂಳು ಒರೆಸುತ್ತಿದ್ದ ಅಟೆಂಡರ್ ಕೈಯಲ್ಲಿ ಚಿಕ್ಕಪ್ಪನ ಬುರುಡೆ ಹಿಡಿದು ಹಾಗೇ ನಿಂತ. ಮೇಡಂ ಬಗ್ಗಿ ಎಡಗಾಲಿನ ಲೇಸು ಬಿಚ್ಚಲು ಹೋದರು. ಆತುರಕ್ಕೆ ಗಂಟು ಇನ್ನಷ್ಟು ಬಿಗಿಯಾಯಿತು. ಕೊನೆಗೆ ಬೂಟನ್ನು ಹಾಗೇ ಎಳೆದು ಬಿಸಾಕಿ, ಕಾಲುಚೀಲ ಕಳಚಿ, ಹುಡುಗಿಯ ಚಪ್ಪಲಿಯ ಪಕ್ಕಕ್ಕೆ ಬರಿಗಾಲು ಇಟ್ಟರು.

ಹುಡುಗಿ ನೋಡಿದಳು. ಅವರ ಕಾಲು, ತನ್ನ ಕಾಲು, ಮತ್ತೆ ಅವರ ಕಾಲು.

"ಅತ್ತೆ?" ಅಂದಳು ಆಮೇಲೆ, ಮೆಲ್ಲಗೆ. ಊಹಿಸಲಿಲ್ಲ, ಕೇಳಿದಳು.

ಮೇಡಂ ತಲೆಯಾಡಿಸಿದರು. ಅಳು ತಡೆಯಲಿಲ್ಲ, ತಡೆಯುವ ಗೋಜಿಗೂ ಹೋಗಲಿಲ್ಲ.

"ಫೋನ್ ತೆಗಿ," ಅಂದರು ಮೂಗು ಒರೆಸಿಕೊಳ್ಳುತ್ತಾ. "ನಿಮ್ಮಪ್ಪಂಗೆ ಮಾಡು. ಬೂಟು ಅಂತ ಹೇಳು."